ನಿಧಾನ ಬಾ

ಕಲ್ಲಿಗೆ ಕಿವಿ ಬಂದರೆ ಏನಾದೀತು ಎಂದು ಮೊದಲೇ ಯಾರೂ ಕೇಳಲಿಲ್ಲ. ಬಂದ ಮೇಲೆ ಕೇಳಿದರು. ಕಲ್ಲು ಆ ಪ್ರಶ್ನೆಯನ್ನೂ ಕೇಳಿಸಿಕೊಂಡು ತನ್ನೊಳಗೆ ಇಟ್ಟುಕೊಂಡಿತು.

ಅದು ಕಡಲು ದಡವನ್ನು ತಿಂದು ಮುಗಿಸುತ್ತಿದ್ದ ಕಾಲ. ಮೀನು ಒಣಗಿಸುತ್ತಿದ್ದ ಹೊಯ್ಗೆ, ಬಲೆ ಹರಡುತ್ತಿದ್ದ ಬಯಲು, ಶಾಲೆಯ ಮೆಟ್ಟಿಲು ಎಲ್ಲ ಒಂದೊಂದಾಗಿ ನೀರಿನ ಪಾಲಾದವು. ದಡದ ಸರ್ಕಾರ ಜನರನ್ನು ಗುಡ್ಡದ ಮೇಲಿನ ತಗಡಿನ ಶೆಡ್ಡುಗಳಿಗೆ ಸಾಗಿಸಿತು. ಕಡಲಿನ ಸದ್ದಿಲ್ಲದೆ ನಿದ್ದೆ ಬಾರದ ಜನ ಅವರು. ಶೆಡ್ಡಿನೊಳಗೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದರಂತೆ.

ಆ ಹೊತ್ತಿಗೆ ಒಂದು ಪ್ರಯೋಗಾಲಯದಲ್ಲಿ ಉಪ್ಪುನೀರನ್ನು ಕಲ್ಲಾಗಿಸುವ ಸೂಕ್ಷ್ಮಜೀವಿಯನ್ನು ಸಾಕಿದರು. ನೀರಿನೊಳಗೆ ಸಣ್ಣಗೆ ಕರೆಂಟು ಹಾಯಿಸಿದರೆ ಸಾಕು, ಆ ಜೀವಿಗಳು ನೀರಲ್ಲಿ ಕರಗಿದ ಸುಣ್ಣವನ್ನು ಹೆಕ್ಕಿ ಪದರದ ಮೇಲೆ ಪದರ ಕಟ್ಟುತ್ತಿದ್ದವು. ನೀರು ಅದುರುವ ಕಡೆ ಕಲ್ಲು ಹೆಚ್ಚು ಬೆಳೆಯುತ್ತಿತ್ತು. ಹಾಗಾಗಿ ನೀರಿನಡಿಯಲ್ಲಿ ಸದ್ದು ಮಾಡುವ ಡೋಲುಗಳನ್ನಿಟ್ಟು, ಬೇಕಾದಲ್ಲಿ ಬೇಕಾದಷ್ಟು ಕಲ್ಲನ್ನು ಕಡಲ ಮೇಲಕ್ಕೆ ಎಬ್ಬಿಸಿದರು. ಹೊಳೆಯ ನಡುಗಡ್ಡೆಗೆ ಆ ಸೀಮೆಯವರು ಮೊದಲಿಂದ ಕುದ್ರು ಎನ್ನುತ್ತಿದ್ದರು. ಕಡಲ ನಡುವೆ ಎದ್ದ ಇವಕ್ಕೂ ಅದೇ ಹೆಸರಾಯಿತು. ಶೆಡ್ಡಿನ ಜನ ಪಾತ್ರೆ ಪಗಡ ಕಟ್ಟಿಕೊಂಡು ಕುದ್ರುಗಳಿಗೆ ಹೋದರು.

ಅಲ್ಲಿಗೆ ಹೋದ ಮೇಲೆ ತಿಳಿದದ್ದು ಬೇರೆ. ಪದರ ಗಟ್ಟಿಯಾಗುವ ಹೊತ್ತಿಗೆ ಸುತ್ತ ಯಾವ ಸದ್ದಿತ್ತೋ ಅದರ ಅದುರು ಆ ಪದರದಲ್ಲೇ ಉಳಿಯುತ್ತಿತ್ತು, ಹಳೆಯ ಗ್ರಾಮಫೋನ್ ತಟ್ಟೆಯಲ್ಲಿ ಹಾಡು ಉಳಿದ ಹಾಗೆ. ಅಲೆ ಬಂದು ಉಜ್ಜಿದಾಗ ಒಮ್ಮೊಮ್ಮೆ ಅದು ಹೊರಗೆ ಕೇಳುತ್ತಿತ್ತು. ನಾಯಿಯಿಲ್ಲದ ಕಡೆ ನಾಯಿ ಬೊಗಳುತ್ತಿತ್ತು. ಯಾರದೋ ಮಗು ದೊಡ್ಡದಾಗಿ ಮದುವೆಯಾಗಿ ಹೋದ ಮೇಲೂ ಬಂಡೆಯೊಳಗೆ ಅಳುತ್ತಿತ್ತು. ಜನ ಅದನ್ನು ಕಿವಿಗಲ್ಲು ಎಂದರು. ಸ್ವಲ್ಪ ದಿನ ಹೆದರಿದರು, ಆಮೇಲೆ ಅದರ ಮೇಲೆಯೇ ಬಟ್ಟೆ ಒಗೆದರು.

ಕುದ್ರುಗಳಿಗೂ ದಡಕ್ಕೂ ಒಂದು ಒಪ್ಪಂದವಿತ್ತು. ಕುದ್ರುಗಳ ಕರೆಂಟು ಎಂದೂ ನಿಲ್ಲದ ಹಾಗೆ ಹಣದ ಖಾತರಿ ದಡದ್ದು. ಬದಲಿಗೆ ಆ ಕಡಲಿನ ಕಾವಲಿನ ಹಕ್ಕು ದಡದ್ದು. ದಡದ ಅಪ್ಪಣೆಯಿಲ್ಲದೆ ಬೇರೆ ದೇಶದ ಹಡಗು ಅಲ್ಲಿ ಲಂಗರು ಹಾಕುವಂತಿಲ್ಲ. ಇಷ್ಟನ್ನು ವಕೀಲರು ಬರೆದರು. ಕುದ್ರಿನ ಹೆಂಗಸರು ಹಟ ಹಿಡಿದು ಇನ್ನೊಂದು ಕಲಮು ಸೇರಿಸಿದರು. ಒಪ್ಪಂದ ಬಿಟ್ಟು ಹೋಗುವವರು ದೋಣಿ ಕಟ್ಟುವ ಧಕ್ಕೆಯ ಮೇಲೆ ನಿಂತು, ಕಿವಿಗಲ್ಲಿಗೆ ಕೇಳುವ ಹಾಗೆ, 'ಹೋಗುತ್ತೇವೆ' ಎಂದು ಬಾಯಿಬಿಟ್ಟು ಹೇಳಿ ದೋಣಿ ಹತ್ತಬೇಕು. ಹತ್ತುವ ಮುನ್ನ ಕಡೆಗೆ ಆಡಿದ ಮಾತೇ ಮಾತು. 'ಬರುತ್ತೇವೆ' ಎಂದವರ ಹೊಣೆ ಅವಧಿ ಮುಗಿದರೂ ತೀರುವುದಿಲ್ಲ.

ದಡದವರು ನಕ್ಕು ಸಹಿ ಹಾಕಿದ್ದರು. ಹೊರಡುವಾಗ 'ಹೋಗುತ್ತೇನೆ' ಅನ್ನಬಾರದೆಂದು ಅವರ ಮನೆಗಳಲ್ಲೂ ಕಲಿಸಿದ್ದರು. ಹಾಗಂದ ಮಕ್ಕಳ ಬಾಯಿಗೆ ಅವರ ಅಮ್ಮಂದಿರೂ ಹೊಡೆದಿದ್ದರು. ಆ ಪೆಟ್ಟು ಮುಂದೊಂದು ದಿನ ಕಾನೂನಾಗಿ ಎದುರು ನಿಂತೀತು ಎಂದು ಆಗ ಯಾರಿಗೂ ಹೊಳೆಯಲಿಲ್ಲ.

*

ಒಪ್ಪಂದದ ಅವಧಿ ಮುಗಿಯುತ್ತ ಬಂದ ವರ್ಷ ಮಾತುಕತೆ ನಡೆದದ್ದು ನಡುಕುದ್ರಿನ ಕರೆಂಟು ಮನೆಯಲ್ಲಿ. ಒಂದು ಗೋಡೆಯ ತುಂಬ ಸಣ್ಣ ಹಸಿರು ದೀಪಗಳು; ಪ್ರತಿ ಕುದ್ರಿಗೆ ಹೋಗುವ ತಂತಿಗೂ ಒಂದು. ಆ ದೀಪಗಳಿಗೆ ಬೆನ್ನು ಹಾಕಿ ದಡದ ನಿಯೋಗದ ಮುಖ್ಯಸ್ಥ ದೇಸಾಯಿ ಕೂತಿದ್ದರು. ಧಾರವಾಡದ ಕಡೆಯವರು, ಕಡಲು ಕಂಡರೆ ಅಷ್ಟಕ್ಕಷ್ಟೆ. ಎದುರಿಗೆ ಕುದ್ರುಗಳ ಪಂಚಾಯತಿಯ ಅಧ್ಯಕ್ಷೆ ಮೂಕಾಂಬಕ್ಕ. ಅವಳ ಪಕ್ಕದಲ್ಲಿ ಸುಗಂಧಿ.

ಸುಗಂಧಿಯದು ಕಲ್ಲು ಕೇಳುವ ಕೆಲಸ. ಕೇಳುಗೋಲು ಎಂಬ ಉಕ್ಕಿನ ಸಲಾಕೆಯನ್ನು ಕಲ್ಲಿಗೆ ಒತ್ತಿ, ಅದರ ತುದಿಯ ತಂತಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ಎಲ್ಲಿ ಕಲ್ಲು ಗಟ್ಟಿಯಿದೆ ಎಲ್ಲಿ ಟೊಳ್ಳಾಗಿದೆ ಎಂದು ಹೇಳುವವಳು. ಒಪ್ಪಂದದ ಮಟ್ಟಿಗೆ ಕಲ್ಲಿನ ಸಾಕ್ಷಿಯನ್ನು ಓದಿ ಹೇಳುವ ಅಧಿಕಾರವೂ ಅವಳದೇ.

"ಕಡೆಕುದ್ರು ಒಂದು ಬಿಟ್ಟುಕೊಡ್ರಿ ಅಕ್ಕಾರ," ಎಂದರು ದೇಸಾಯಿ. "ಉಳಿದ ಎಲ್ಲಾ ಕುದ್ರಿಗೂ ಖಾತರಿ ಇನ್ನೊಂದು ತಲೆಮಾರಿಗೆ ಬರೆದುಕೊಡ್ತೀವಿ. ಅಲ್ಲಿ ಮನಿ ಆದ್ರೂ ಎಷ್ಟದಾವ್ರಿ? ಬೆರಳಿನಾಗ ಎಣಿಸಬಹುದು."

"ಬೆರಳನ್ನೂ ಎಣಿಸಬಹುದು ದೇಸಾಯ್ರೆ," ಎಂದಳು ಮೂಕಾಂಬಕ್ಕ. "ಹಾಂಗಂತ ಒಂದು ಕೊಡಿ ಅಂದ್ರೆ ಕೊಡ್ತ್ರಿಯಾ?"

ದೇಸಾಯಿ ನಕ್ಕುಬಿಟ್ಟರು. ನಕ್ಕ ಮೇಲೆ ತಮ್ಮ ಕೈಯನ್ನು ತಾವೇ ಒಮ್ಮೆ ನೋಡಿಕೊಂಡರು.

ಅವರಿಗೆ ಬೇಕಾದದ್ದು ಕಡೆಕುದ್ರಿನ ಕಿವಿ. ಎಲ್ಲಕ್ಕಿಂತ ಹೊರಗಿದ್ದ ಕುದ್ರು ಅದು. ಆಳದಲ್ಲಿ ಬೇರೆ ದೇಶದ ಜಲಾಂತರ್ಗಾಮಿ ಮಗ್ಗುಲು ಬದಲಿಸಿದರೂ ಅದಕ್ಕೆ ತಿಳಿಯುತ್ತಿತ್ತು. ಅಂಥ ಯಂತ್ರ ದಡದವರ ಬಳಿ ಇರಲಿಲ್ಲ. ಆದರೆ ಆ ಕಲ್ಲಿನ ಸ್ವಂತ ಮಾತೇ ಹೆಚ್ಚಾಗಿ, ಕಡಲಿನ ಸದ್ದು ಅದರಲ್ಲಿ ಮುಳುಗಿಹೋಗುತ್ತಿತ್ತು. ಹಾಗಾಗಿ ಜನರನ್ನು ಎಬ್ಬಿಸಿ, ಅಲೆ ಉಜ್ಜದ ಹಾಗೆ ಇಡೀ ಕುದ್ರಿಗೆ ದಪ್ಪನೆಯ ಮೌನಹೊದಿಕೆ ಹೊದಿಸಬೇಕು. ಅದರ ಮಾತು ನಿಂತರೆ ಅದು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ.

"ಒಪ್ಪದಿದ್ರೆ?"

"ಒಪ್ಪದಿದ್ರ ಮುಗೀತು ಅಕ್ಕಾರ. ಖಾತರಿನೂ ಇಲ್ಲ, ಕಾವಲೂ ಇಲ್ಲ. ನಾವು ಬ್ಯಾರೆ ಕಡೆ ಕಿವಿ ಹುಡುಕ್ಕೋತೀವಿ." ಪಾಠ ಒಪ್ಪಿಸುವವರ ಹಾಗೆ ಹೇಳಿದರು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ.

ಸುಗಂಧಿ ಅವರ ತಲೆಯ ಹಿಂದಿನ ದೀಪಗಳನ್ನು ನೋಡಿದಳು. ಗಾಳಿಗೆ ತಂತಿ ಹರಿದು ಕರೆಂಟು ತಪ್ಪಿದ ಒಂದು ಚಿಕ್ಕ ಕುದ್ರು ಅವಳಿಗೆ ಗೊತ್ತಿತ್ತು. ಅಲ್ಲಿನ ಕಲ್ಲು ಸೀಮೆಸುಣ್ಣದಂತಾಗಿ, ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿತ್ತು. ಜನ ಬೆಳಿಗ್ಗೆ ಏಳುವಾಗ ಅಂಗಳದಲ್ಲಿ ಕಡಲಿತ್ತು. ಎಲ್ಲ ಕುದ್ರಿಗೂ ಹಾಗಾದರೆ ಮತ್ತೆ ತಗಡಿನ ಶೆಡ್ಡು. ಹಾಗಾಗದಿರಲು ಕಡೆಕುದ್ರು ಕೊಡಬೇಕು. ಕಡೆಕುದ್ರಿನಲ್ಲಿ ಅವಳ ಅಮ್ಮಮ್ಮನಿದ್ದಳು, ಅಮ್ಮನ ಅಮ್ಮ. ಒಂದು ರೀತಿಯಲ್ಲಿ ಅವಳ ಅಮ್ಮನೂ ಅಲ್ಲೇ ಇದ್ದಳು.

"ಮೊದಲು ಹೋಗಿ ಒಂದು ಸಲ ಕಣ್ಣಲ್ಲಿ ಕಂಡು ಬನ್ನಿ," ಎಂದಳು ಮೂಕಾಂಬಕ್ಕ. "ಸುಗಂಧಿ ಕರಕೊಂಡು ಹೋತಾಳೆ. ಅವಳ ಮನೆಯೇ ಅಲ್ಲಿ."

*

ದೋಣಿಯಲ್ಲಿ ದೇಸಾಯಿ ಎರಡೂ ಕೈಯಲ್ಲಿ ಅಂಚು ಹಿಡಿದು ಕೂತಿದ್ದರು. ಕಡೆಕುದ್ರಿನ ಮನೆ ತಲುಪಿದಾಗ ಅಮ್ಮಮ್ಮ ಹೊಸ್ತಿಲ ಮುಂದಿನ ಕಲ್ಲಿನ ಮೆಟ್ಟಿಲ ಮೇಲೆ ಕೂತು ಚಿಪ್ಪು ಬಿಡಿಸುತ್ತಿದ್ದಳು. ಬಂದವರು ತನ್ನ ಮನೆ ಖಾಲಿ ಮಾಡಿಸಲು ಬಂದವರೆಂದು ಅವಳಿಗೆ ಗೊತ್ತಿತ್ತು. ಆದರೂ ಎದ್ದು ಹೋಗಿ ಬೆಲ್ಲ ಮತ್ತು ನೀರು ತಂದಿಟ್ಟಳು. ಬಂದವರಿಗೆ ಮೊದಲು ಬೆಲ್ಲ ನೀರು, ಜಗಳವಿದ್ದರೆ ಆಮೇಲೆ.

"ದೋಣಿ ಆಗುದಿಲ್ಲ ಕಾಣತ್ತು ನಿಮಗೆ," ಎಂದಳು.

"ಇಲ್ರಿ ಅವ್ವ. ನಮ್ಮ ಕಡೆ ಕೆರಿ ಅದಾವ್ರಿ. ಕೆರಿ ಹಿಂಗ ಕುಣಿಯೂದಿಲ್ಲ."

ಅಮ್ಮಮ್ಮ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ದೇಸಾಯಿ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು, ತಮ್ಮ ತಾಯಿ ತೀರಿಕೊಂಡ ವಿಷಯ, ಅವಳೂ ಹೀಗೇ ಮೆಟ್ಟಿಲ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ ವಿಷಯ ಎಲ್ಲ ಹೇಳಿದರು. ಬಂದ ಕೆಲಸ ಮಾತ್ರ ಬಾಯಿಗೆ ಬರಲಿಲ್ಲ.

ಅಷ್ಟರಲ್ಲಿ ಸಂಜೆಯ ಉಬ್ಬರ ಏರತೊಡಗಿತು. ನೀರು ಬಂಡೆಯ ಸಂದುಗಳಲ್ಲಿ ತುಂಬುತ್ತ ಬಂದ ಹಾಗೆ ಮೊದಲು ಒಂದು ಗುಜುಗುಜು ಎದ್ದಿತು, ದೂರದ ಮದುವೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದ ಹಾಗೆ. ಬರಬರುತ್ತ ಸ್ವರಗಳು ಬಿಡಿಬಿಡಿಯಾದವು. ಗಂಡಸಿನದೊಂದು. ಎಳೆಯ ಹುಡುಗನದೊಂದು. ಎಲ್ಲವೂ ಆಡಿದ್ದು ಒಂದೇ ಮಾತು. ಕಡಲಿಗೆ ಹೊರಟವರು ದೋಣಿ ಹತ್ತುವ ಮುನ್ನ ಮನೆಯ ಕಡೆ ತಿರುಗಿ ಆಡಿದ ಮಾತು, ಆಡಿ ತಿರುಗಿ ಬಾರದವರ ಮಾತು. ಬತ್ತೆ. ಬತ್ತೆ ಅಬ್ಬೆ. ಬತ್ತೆ, ಅಕಾ.

ಅವುಗಳ ನಡುವೆ, ಪುಟ್ಟ ಹುಡುಗಿಗೆ ಹೇಳಿದ ಹಾಗೆ, ಒಂದು ಹೆಂಗಸಿನ ಸ್ವರ, ಸ್ವಲ್ಪ ನಗು ಬೆರೆತದ್ದು: "ಬತ್ತೆ ಹೆಣೆ."

ದೇಸಾಯಿ ಲೋಟ ಕೆಳಗಿಟ್ಟರು. "ಯಾರ್ರೀ ಅದು?"

"ನನ್ನ ಮಗಳು," ಎಂದಳು ಅಮ್ಮಮ್ಮ. "ವನಜ. ಇವಳಮ್ಮ. ಕರೆಂಟಿನ ತಂತಿ ಸರಿ ಮಾಡುಕೆ ಹೋದವಳು."

ಅಮ್ಮಮ್ಮ ಎದ್ದು, ಸೊಂಟಕ್ಕೆ ಕೈ ಕೊಟ್ಟು ನಿಂತು, ಕಡಲಿನ ಕಡೆಗೆ ಮುಖ ಮಾಡಿ, ಅಡಿಗೆ ಮನೆಯಿಂದ ಅಂಗಳದಲ್ಲಿರುವವರಿಗೆ ಹೇಳುವಷ್ಟೇ ದನಿಯಲ್ಲಿ ಹೇಳಿದಳು: "ನಿಧಾನ ಬಾ ಮಗಾ."

ಅಕ್ಕಪಕ್ಕದ ಮನೆಗಳ ಮೆಟ್ಟಿಲುಗಳಿಂದಲೂ ಅದೇ ಮಾತು ಕೇಳಿತು. ನಿಧಾನ ಬನ್ನಿ. ನಿಧಾನ ಬಾ. ಅವರವರ ಮನೆಯವರಿಗೆ ಅವರವರು. ಗುಜುಗುಜು ತಗ್ಗಿತು. ಉಳಿದದ್ದು ನೀರಿನ ಸದ್ದು ಮಾತ್ರ.

"ಬರೇ ಬಾ ಅಂತ ಯಾಕ ಅನ್ನಂಗಿಲ್ಲ ಅವ್ವ?" ದೇಸಾಯಿಯ ದನಿ ಸಣ್ಣದಾಗಿತ್ತು.

"ಬರ್ತೆ ಅಂತ ಹೇಳಿ ಹೋದವರಿಗೆ ಬರಬೇಡ ಅನ್ನುಕೆ ಆತಿಲ್ಲ. ಬಾ ಅನ್ನುಕೂ ಆತಿಲ್ಲ," ಎಂದಳು ಅಮ್ಮಮ್ಮ, ಚಿಪ್ಪಿನ ಬುಟ್ಟಿಯನ್ನು ಮತ್ತೆ ಎಳೆದುಕೊಳ್ಳುತ್ತ. "ನಿಧಾನ ಅನ್ಲಕ್ಕು."

ಹೊರಡುವಾಗ ದೇಸಾಯಿ ಬಗ್ಗಿ ಅವಳ ಕಾಲು ಮುಟ್ಟಿ, "ಬರ್ತೀನ್ರಿ ಅವ್ವ," ಎಂದರು. ಎಂದವರು ಅಲ್ಲೇ ತಡೆದು ಸುಗಂಧಿಯ ಮುಖ ನೋಡಿದರು.

"ಇದು ಧಕ್ಕೆ ಅಲ್ಲ ಸರ್," ಎಂದಳು ಸುಗಂಧಿ. "ಇಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ."

*

ಲೆಕ್ಕಕ್ಕಿಲ್ಲ ಎಂದದ್ದು ಸುಳ್ಳೆಂದು ಅವಳಿಗೆ ಆಗಲೇ ಗೊತ್ತಿತ್ತು.

ಕರೆಂಟು ಮನೆಯ ಹಿಂದಿನ ಪುಟ್ಟ ಪ್ರಯೋಗಾಲಯದಲ್ಲಿ, ಕಡೆಕುದ್ರಿನ ಬಂಡೆಯಿಂದ ಕೊರೆದು ತೆಗೆದ ಕಲ್ಲಿನ ಕೋಲುಗಳು ಸಾಲಾಗಿ ಮಲಗಿದ್ದವು. ಮರದ ಬೊಡ್ಡೆಯಲ್ಲಿ ವರ್ಷಕ್ಕೊಂದು ಉಂಗುರ ಇರುವ ಹಾಗೆ ಕಿವಿಗಲ್ಲಿನಲ್ಲಿ ವರ್ಷಕ್ಕೊಂದು ಪದರ. ಅಮ್ಮನ ಸ್ವರ ಅವಳು ಕಡಲಲ್ಲಿ ಹೋದ ವರ್ಷದ ಪದರದಲ್ಲಿ ಇರಬೇಕಿತ್ತು. ಇತ್ತು. ಆದರೆ ಅದರ ಮೇಲಿನ ಪದರದಲ್ಲೂ ಇತ್ತು, ಅದರ ಮೇಲಿನದರಲ್ಲೂ. ಮೊದಮೊದಲು ಸುಗಂಧಿ ಇದನ್ನು ಸುಲಭವಾಗಿ ಬಿಡಿಸಿದ್ದಳು: ಹಳೆ ಪದರ ಅಲೆಗೆ ಅದುರುತ್ತದೆ, ಆ ಅದುರನ್ನು ಹೊಸ ಪದರ ನಕಲು ಮಾಡಿಕೊಳ್ಳುತ್ತದೆ. ಆದರೆ ನಕಲು ಎಂದರೆ ಮಾಸಬೇಕು. ಇದು ವರ್ಷ ವರ್ಷಕ್ಕೆ ಸ್ಪಷ್ಟವಾಗುತ್ತಿತ್ತು. ಈ ವರ್ಷದ ಪದರದಲ್ಲಂತೂ ಮಾತಿಗೆ ಮೊದಲು ಉಸಿರು ಎಳೆದುಕೊಂಡದ್ದೂ ಕೇಳುತ್ತಿತ್ತು.

ಅದಕ್ಕಿಂತ ಅವಳನ್ನು ಕಾಡಿದ್ದು ಜಾಗ. ಯಾವ ವರ್ಷ ಸ್ವರ ಬಂಡೆಯ ಯಾವ ಕಡೆ ಗಟ್ಟಿಯಾಗಿದೆ ಎಂದು ನಕಾಶೆಯಲ್ಲಿ ಚುಕ್ಕೆ ಇಡುತ್ತ ಹೋದರೆ, ಚುಕ್ಕೆಗಳು ಹೊರಗಿನ ಅಂಚಿನಿಂದ ಒಳಗೆ ಸರಿದಿದ್ದವು. ಪ್ರತಿಯೊಂದು ಸ್ವರವೂ ತನ್ನ ತನ್ನ ಮನೆಯ ಕಡೆಗೆ. ನಿಧಾನವಾಗಿ, ಮುದುಕರು ಏರು ಹತ್ತುವ ಹಾಗೆ.

ಒಂದು ಮಾತ್ರ ನಿಧಾನವಾಗಿರಲಿಲ್ಲ. ಕಡೆಕುದ್ರು ಬಿಟ್ಟು ದಡಕ್ಕೆ ಹೋಗಿ ನೆಲೆಸಿದ ಒಂದು ಮನೆಯವರಿದ್ದರು. ಅವರ ಹಿರಿಯ ಮಗ ಕಡಲಲ್ಲಿ ಹೋದವನು. ಮನೆ ಖಾಲಿಯಾದ ಮೇಲೆ ಅವನ ಸ್ವರಕ್ಕೆ ನಿಧಾನ ಎನ್ನುವವರು ಯಾರೂ ಇರಲಿಲ್ಲ. ಆ ಚುಕ್ಕೆಗಳು ಉದ್ದುದ್ದ ಹೆಜ್ಜೆ ಹಾಕಿದ್ದವು. ಸುಗಂಧಿ ಒಂದು ಮಧ್ಯಾಹ್ನ ಆ ಮನೆಯ ಬೀಗ ತೆಗೆಸಿ ನೋಡಿದಳು. ಕಲ್ಲು ಮೆಟ್ಟಿಲಿನಿಂದ ಹೊಸ್ತಿಲು ದಾಟಿ ಒಳಗೆ ಬಂದಿತ್ತು. ನಡುಮನೆಯಲ್ಲಿ, ಮಲಗುವ ಜಾಗದಲ್ಲಿ, ಒಬ್ಬ ಆಳಿನ ಉದ್ದಕ್ಕೆ ಬೆಳೆದು ನಿಂತಿತ್ತು. ಮಗ್ಗುಲಾಗಿ ಮಲಗಿದವರ ಹೆಗಲಿನ ಹಾಗೆ ಒಂದು ಕಡೆ ಉಬ್ಬು. ಆ ಕೋಣೆಗೆ ಕರೆಂಟಿನ ತಂತಿ ಇರಲಿಲ್ಲ, ನೀರೂ ಬರುತ್ತಿರಲಿಲ್ಲ. ಅವಳು ಕೇಳುಗೋಲು ಹೊರಗೆ ತೆಗೆಯಲಿಲ್ಲ. ಬಾಗಿಲು ಎಳೆದುಕೊಂಡು ಬಂದಳು.

ಪಂಚಾಯತಿಯ ಮುಂದೆ ಅವಳು ಆ ನಕಾಶೆಯನ್ನು ಹರಡಿದಳು.

"ಹೊದಿಕೆ ಹಾಕಿದ್ರೆ ಇದೆಲ್ಲ ನಿಲ್ತದಾ?" ಎಂದು ಮೂಕಾಂಬಕ್ಕ ಕೇಳಿದಳು.

"ನಮಗೆ ಕೇಳದ ಹಾಗೆ ಮಾಡ್ತದೆ ಅಕ್ಕ," ಎಂದಳು ಸುಗಂಧಿ. "ಅವರು ಬಾರದ ಹಾಗೆ ಮಾಡುದಿಲ್ಲ. ನಾವು ಹೇಳುದೂ ಅವರಿಗೆ ಕೇಳುದಿಲ್ಲ."

ಕಡೆಕುದ್ರು ಕೊಡುವುದಿಲ್ಲ ಎಂದು ದಡಕ್ಕೆ ಉತ್ತರ ಹೋಯಿತು. ಹಾಗಾದರೆ ನಾವು ಬಿಟ್ಟು ಹೋಗುತ್ತೇವೆ, ವಿಧಿಯಂತೆ ಧಕ್ಕೆಯಲ್ಲಿ ಹೇಳಿ ಹೋಗುತ್ತೇವೆ ಎಂದು ದಡದಿಂದ ಮರುತ್ತರ ಬಂತು. ಹೇಳುವವರು ದೇಸಾಯಿ. ದೊಡ್ಡ ದೋಣಿ ಧಕ್ಕೆಗೆ ತಾಗುವುದು ಉಬ್ಬರದಲ್ಲಿ ಮಾತ್ರ. ಆ ದಿನದ ಉಬ್ಬರ ಸಂಜೆಗೆ, ಹಾಗಾಗಿ ಹೊತ್ತು ಸಂಜೆಯೇ.

*

"ಅವರಿಗೆ ಕಲಿಸಿ ಕಳಿಸ್ತಾರೆ," ಎಂದಳು ಮೂಕಾಂಬಕ್ಕ. "ಒಂದು ಮಾತು ಹೇಳಿ ಬಾಯಿ ಹೊಲಿದುಕೊಳ್ಳಿ ಅಂತ. ಆಮೇಲೆ ಬರ್ತೆ ಅನ್ನಿಸುಕೆ ನಾನು ಎಷ್ಟು ಮಾತಾಡಿಸಿದ್ರೂ ಅವ್ರು ಉಸಿರು ಬಿಡುದಿಲ್ಲ. ನನ್ನನ್ನು ಕಂಡ್ರೆ ಅವ್ರಿಗೆ ಬೆರಳು ನೆನಪಾತ್ತು."

ಯಾರನ್ನು ಕಂಡರೆ ಅವರಿಗೆ ಬಾಯಿ ಬಿಡಬೇಕೆನಿಸುತ್ತದೆ ಎಂದು ಸುಗಂಧಿಗೆ ಗೊತ್ತಿತ್ತು. ಮನೆಗೆ ಬಂದು ಅಮ್ಮಮ್ಮನ ಎದುರು ಕೂತಳು.

"ನೀನು ಧಕ್ಕೆಗೆ ಬರಬೇಕು ಅಮ್ಮಮ್ಮ. ಬಂದು ಒಂದು ಮಾತು ಕೇಳಬೇಕು, ಹೊರಟ್ರಿಯಾ ಅಂತ. ಅಷ್ಟೇ."

ಅಮ್ಮಮ್ಮ ಕೈಯಲ್ಲಿದ್ದ ಚಿಪ್ಪು ಬಿಡಿಸಿ ಬುಟ್ಟಿಗೆ ಹಾಕಿದಳು. "ಆ ಪಾಪದವನನ್ನು ಸಿಕ್ಕಿಸುದಾ?"

"ಅವರು ಒಬ್ರು ಸಿಕ್ಕಿದ್ರೆ ಎಲ್ಲಾ ಕುದ್ರು ಉಳಿತದೆ."

"ಹೌದು. ಸಂಜೆ ಇಲ್ಲಿ ಯಾರು ಹೇಳುದು? ನೀ ಉಳಿತ್ಯಾ?"

"ನಾನು ಅಲ್ಲಿ ಕಲ್ಲಿಗೆ ಕೇಳುಗೋಲು ಹಿಡಿಬೇಕಲ್ಲ. ನಾನಿಲ್ಲದಿದ್ರೆ ಸಾಕ್ಷಿ ನಿಲ್ಲುದಿಲ್ಲ." ಸುಗಂಧಿ ಚೀಲದಿಂದ ಸಣ್ಣ ಪೆಟ್ಟಿಗೆಯೊಂದನ್ನು ತೆಗೆದಳು. "ನಿನ್ನ ಸ್ವರ ಇದರಲ್ಲಿ ಹಿಡಿದಿಡ್ತೆ. ಸರಿಯಾಗಿ ಅದೇ ಹೊತ್ತಿಗೆ, ಅದೇ ದನಿಯಲ್ಲಿ ಹೇಳ್ತದೆ. ಕಲ್ಲಿಗೆ ಬೇಕಾದದ್ದು ಅದುರು. ಅದುರು ಒಂದೇ ಆದ್ರೆ ಅದಕ್ಕೆ ವ್ಯತ್ಯಾಸ ತಿಳಿಯುದಿಲ್ಲ."

"ಕಲ್ಲಿಗೆ ತಿಳಿಯುದಿಲ್ಲ ಮಗಾ," ಎಂದಳು ಅಮ್ಮಮ್ಮ. "ನಾನು ಹೇಳುದು ಕಲ್ಲಿಗಲ್ಲ."

ಆದರೂ ಪೆಟ್ಟಿಗೆಯ ಮುಂದೆ ಬಾಯಿ ತಂದು, "ನಿಧಾನ ಬಾ ಮಗಾ," ಎಂದಳು. ಒಂದೇ ಸಲ. ಇನ್ನೊಮ್ಮೆ ಹೇಳು ಎಂದರೆ ಹೇಳಲಿಲ್ಲ.

ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಹೋಗೋಣವೇ ಎಂದು ಸುಗಂಧಿಗೆ ಅನಿಸಿತ್ತು. ಆದರೆ ಮನೆಯವರಲ್ಲದವರ ಮಾತಿಗೆ ಆ ಸ್ವರಗಳು ಎಂದೂ ತಗ್ಗಿದ್ದಿಲ್ಲ. ಅಂಗಳದಲ್ಲಿ, ಮೆಟ್ಟಿಲ ಪಕ್ಕದಲ್ಲಿ ಪೆಟ್ಟಿಗೆ ಇಟ್ಟು, ಇಬ್ಬರೂ ದೋಣಿ ಹತ್ತಿದರು. ಹತ್ತುವಾಗ ಅಭ್ಯಾಸಬಲದಿಂದ ಸುಗಂಧಿ ಮನೆಯ ಕಡೆ ತಿರುಗಿದಳು. ಹೇಳಬೇಕಾದ ಮಾತು ತುಟಿಯವರೆಗೆ ಬಂತು. ನುಂಗಿಕೊಂಡಳು.

*

ನಡುಕುದ್ರಿನ ಧಕ್ಕೆಯ ತುಂಬ ಜನ. ಯಾರೂ ಗದ್ದಲ ಮಾಡುತ್ತಿರಲಿಲ್ಲ. ಸಾವಿನ ಮನೆಯಲ್ಲಿ ಹೆಣ ಎತ್ತುವ ಮುನ್ನ ಇರುವ ಹಾಗೆ ಒಬ್ಬರಿಗೊಬ್ಬರು ಜಾಗ ಬಿಟ್ಟು ನಿಂತಿದ್ದರು. ಧಕ್ಕೆಯ ಅಂಚಿನಲ್ಲಿ ಸುಗಂಧಿ ಮಂಡಿಯೂರಿ ಕೇಳುಗೋಲನ್ನು ಕಲ್ಲಿಗೆ ಒತ್ತಿದ್ದಳು.

ದೇಸಾಯಿ ಗಂಟಲು ಸರಿ ಮಾಡಿಕೊಂಡರು. ದಡದ ಹೆಸರು ಹೇಳಿದರು, ತಮ್ಮ ಹೆಸರು ಹೇಳಿದರು. ಆಮೇಲೆ ಒಂದೊಂದೇ ಅಕ್ಷರವನ್ನು ಎತ್ತಿ ಇಡುವ ಹಾಗೆ, "ನಾವು ಹೋಗುತ್ತೇವೆ," ಎಂದರು.

ಗುಂಪಿನಲ್ಲಿದ್ದ ಮುದುಕಿಯೊಬ್ಬಳು ಕಿವಿ ಮುಚ್ಚಿಕೊಂಡಳು. ಸುಗಂಧಿಯ ಕೋಲಿನಡಿಯಲ್ಲಿ ಕಲ್ಲು ಆ ಮಾತನ್ನು ಹಿಡಿದದ್ದು ಕೇಳಿತು, ಬಾವಿಗೆ ಬಿಂದಿಗೆ ಬಿದ್ದ ಹಾಗೆ.

ದೇಸಾಯಿ ತುಟಿ ಬಿಗಿದುಕೊಂಡು ದೋಣಿಯ ಕಡೆ ನಡೆದರು.

"ಚಹಾ ಕುಡಿದು ಹೋಪುದಲ್ದಾ ದೇಸಾಯ್ರೆ?" ಎಂದಳು ಮೂಕಾಂಬಕ್ಕ. ಅವರು ಬೇಡವೆಂದು ತಲೆಯಾಡಿಸಿದರು. "ನಮ್ಮ ಮೇಲೆ ಸಿಟ್ಟಾ?" ಇಲ್ಲವೆಂದು ಮತ್ತೆ ತಲೆಯಾಡಿಸಿದರು. ದೋಣಿಯಲ್ಲಿದ್ದ ದಡದ ವಕೀಲ ಬಾಯಿಯ ಮೇಲೆ ಬೆರಳಿಟ್ಟು ಅವರಿಗೆ ನೆನಪು ಮಾಡುತ್ತಿದ್ದ.

ಆಗ ಜನರ ನಡುವಿನಿಂದ ಅಮ್ಮಮ್ಮ ಬಂದಳು. ಕೈಯಲ್ಲಿ ಒಣ ಸಿಗಡಿಯ ಸಣ್ಣ ಪೊಟ್ಟಣ. ಬೆನ್ನು ಬಾಗಿ ಅವಳ ತಲೆ ದೇಸಾಯಿಯ ಎದೆಯವರೆಗೂ ಬರುತ್ತಿರಲಿಲ್ಲ. ಪೊಟ್ಟಣವನ್ನು ಅವರ ಕೈಯಲ್ಲಿಟ್ಟು, ತಲೆ ಎತ್ತಿ ಅವರ ಮುಖ ನೋಡಿದಳು.

"ಹಂಗಾರೆ ಹೊರಟ್ರಿಯಾ ಮಗಾ?"

ಮುದುಕಿಯೊಬ್ಬಳು ಹೀಗೆ ಕೇಳಿದಾಗ ಮೂಕನಂತೆ ಬೆನ್ನು ತಿರುಗಿಸಿ ಹೋಗುವುದನ್ನು ದೇಸಾಯಿಗೆ ಯಾರೂ ಕಲಿಸಿರಲಿಲ್ಲ. ದೋಣಿಯ ಕಡೆ ಒಂದು ಕಾಲು ಎತ್ತಿದ್ದವರು ಅದನ್ನು ಮತ್ತೆ ಧಕ್ಕೆಯ ಮೇಲೆ ಇಟ್ಟರು. ಎರಡೂ ಕೈ ಜೋಡಿಸಿದರು, ಪೊಟ್ಟಣ ನಡುವೆ ಇದ್ದ ಹಾಗೆಯೇ.

"ಹೂಂನ್ರಿ ಅವ್ವ," ಎಂದರು. "ಬರ್ತೀವಿ."

ವಕೀಲ ಕಣ್ಣು ಮುಚ್ಚಿಕೊಂಡ. ಯಾರೂ ಚಪ್ಪಾಳೆ ತಟ್ಟಲಿಲ್ಲ, ನಗಲಿಲ್ಲ. ಕಲ್ಲು ಆ ಮಾತನ್ನು ತೆಗೆದುಕೊಂಡದ್ದು ಈ ಸಲ ಬರಿಗಿವಿಗೇ ಕೇಳಿದ ಹಾಗಾಯಿತು. ಧಕ್ಕೆಯ ಅಂಚು ಸಣ್ಣಗೆ ಒಮ್ಮೆ ನಡುಗಿತು. ದೇಸಾಯಿಗೂ ಪಾದದಲ್ಲಿ ಅದು ತಿಳಿದಿರಬೇಕು; ಅವರ ಮುಖ ಬಿಳುಚಿಕೊಂಡಿತು. ಮಾಡಿದ ತಪ್ಪಿಗೆ ಮೇಲಿನವರು ಏನೆಂದಾರು ಎಂಬ ಹೆದರಿಕೆ ಅದಾಗಿರಲಿಲ್ಲ. ಕಡೆಕುದ್ರಿನ ಸಂಜೆ ಅವರ ಕಣ್ಣ ಮುಂದೆ ಬಂದಿತ್ತು.

ಅಮ್ಮಮ್ಮನಿಗೂ ಅದು ಕಂಡಿತು. ಕೈ ಎತ್ತಿ ಅವರ ತೋಳು ಮುಟ್ಟಿದಳು. ಆಗ ಸೂರ್ಯ ನೀರಿಗೆ ತಾಗಿದ್ದ.

"ನಿಧಾನ ಬನ್ನಿ," ಎಂದಳು. "ನಿಧಾನ ಬನ್ನಿ ಮಗಾ."

ಅವರ ಮುಖಕ್ಕೆ ರಕ್ತ ಮರಳಿತು. ದೋಣಿ ಹೊರಟಿತು. ಸುಗಂಧಿ ಎದ್ದು ನಿಂತು, ಕಡೆಯ ಮಾತು 'ಬರ್ತೀವಿ' ಎಂದು ಸಾಕ್ಷಿ ನುಡಿದಳು. ದಡದ ಹೊಣೆ ತೀರಲಿಲ್ಲ. ಖಾತರಿಯೂ ಉಳಿಯಿತು, ಕಾವಲೂ ಉಳಿಯಿತು, ಕಡೆಕುದ್ರಿನ ಮೇಲೆ ಹೊದಿಕೆ ಬೀಳುವಂತಿರಲಿಲ್ಲ. ಮೂಕಾಂಬಕ್ಕ ಧಕ್ಕೆಯ ಮೇಲೆ ಕುಸಿದು ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಒಂದು ಮಾತಿಗೆ ಇಷ್ಟು ಸುಸ್ತಾತ್ತಾ ಮಾರಾಯ್ತಿ," ಎಂದಳು.

ಅಮ್ಮಮ್ಮ ಮಾತ್ರ ಆಗಲೇ ತಮ್ಮ ದೋಣಿಯಲ್ಲಿ ಕೂತಿದ್ದಳು.

*

ಕಡೆಕುದ್ರಿನಲ್ಲಿ ಮಬ್ಬು ಬೆಳಕು ಇನ್ನೂ ಉಳಿದಿತ್ತು. ಉಬ್ಬರ ತುಂಬಿತ್ತು. ಗುಜುಗುಜು ಮುಗಿದುಹೋಗಿತ್ತು. ಉಳಿದ ಮನೆಗಳ ಮೆಟ್ಟಿಲುಗಳ ಮೇಲೆ ಯಾರೂ ಇರಲಿಲ್ಲ, ಬಾಗಿಲು ಹಾಕಿಕೊಂಡಿದ್ದವು.

ಅಂಗಳದಲ್ಲಿ ಪೆಟ್ಟಿಗೆ ತನ್ನ ಕೆಲಸ ಮಾಡಿತ್ತು. ಇನ್ನೂ ಮಾಡುತ್ತಿತ್ತು. ಒಂದೇ ಸಲ ಹೇಳಬೇಕಾದದ್ದು, ಗುಂಡಿಯಲ್ಲಿ ಏನು ಸಿಕ್ಕಿಕೊಂಡಿತ್ತೋ, ಮತ್ತೆ ಮತ್ತೆ ಅದೇ ದನಿಯಲ್ಲಿ ಹೇಳುತ್ತಲೇ ಇತ್ತು. ನಿಧಾನ ಬಾ ಮಗಾ. ನಿಧಾನ ಬಾ ಮಗಾ. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಅದನ್ನು ಕೇಳುತ್ತ ನಿಂತಾಗ ಸುಗಂಧಿಗೆ ಗೊತ್ತಾಯಿತು. ಅಮ್ಮಮ್ಮ ಇಷ್ಟು ವರ್ಷ ಒಂದೇ ಮಾತನ್ನು ಹೇಳಿದ್ದಳು, ಆದರೆ ಎರಡು ಸಂಜೆ ಒಂದೇ ಥರ ಹೇಳಿರಲಿಲ್ಲ. ಜ್ವರ ಬಂದಾಗ ಒಂದು ಥರ, ಮೀನು ಚೆನ್ನಾಗಿ ಸಿಕ್ಕಿದ ದಿನ ಇನ್ನೊಂದು ಥರ. ಈ ಸಂಜೆಯ ಮಾತನ್ನು ಅವಳು ಧಕ್ಕೆಯಲ್ಲಿ ಇನ್ನೊಬ್ಬ ತಾಯಿಯ ಮಗನಿಗೆ ಕೊಟ್ಟು ಬಂದಿದ್ದಳು.

ಸುಗಂಧಿ ಬಗ್ಗಿ ಪೆಟ್ಟಿಗೆಯ ಬಾಯಿ ಮುಚ್ಚಿದಳು. ಬಗ್ಗಿದಾಗಲೇ ಮೆಟ್ಟಿಲು ಕಂಡದ್ದು.

ಮೆಟ್ಟಿಲ ಮೇಲೆ ಹೊಸ ಕಲ್ಲು ಬೆಳೆದಿತ್ತು. ಬೆಳ್ಳಗೆ, ಒದ್ದೆಯಾಗಿ, ಬೆರಳಿನ ದಪ್ಪಕ್ಕೆ. ಬೆಳಿಗ್ಗೆ ಅಮ್ಮಮ್ಮ ಕೂತಿದ್ದ ಜಾಗದಲ್ಲೇ, ಬಾಗಿಲಿಗೆ ಮುಖ ಮಾಡಿ ಕೂತವರ ಹಾಗೆ ಹರಡಿಕೊಂಡಿತ್ತು. ಅದರ ಒಂದು ಅಂಚು ಹೊಸ್ತಿಲಿನವರೆಗೆ ಬಂದು ನಿಂತಿತ್ತು. ದಾಟಿರಲಿಲ್ಲ. ಕರೆಯುವವರಿಗಾಗಿ ಕಾದ ಹಾಗಿತ್ತು.

ಅವಳ ಕೈ ತಾನಾಗಿ ಕೇಳುಗೋಲನ್ನು ತೆಗೆಯಿತು. "ಬೇಡ ಹೆಣೆ," ಎಂದಳು ಅಮ್ಮಮ್ಮ. ಅಷ್ಟರಲ್ಲಿ ಕೋಲು ಕಲ್ಲಿಗೆ ತಾಗಿತ್ತು.

ಎಷ್ಟೋ ವರ್ಷ ಒಂದೇ ಮಾತು ಕೇಳಿದ್ದ ಕಿವಿ ಅದು. ಆ ಮಾತು ಬದಲಾಗಿತ್ತು. ಏರು ಹತ್ತಿ ಬಂದವರ ಉಸಿರು ಮೊದಲು, ಅದರ ಹಿಂದೆ ಸ್ವಲ್ಪ ನಗು, ಆಮೇಲೆ ಬಹಳ ಹತ್ತಿರದಲ್ಲಿ:

"ಬಂದೆ ಹೆಣೆ."

ಸುಗಂಧಿ ಕೋಲು ಹಿಡಿದವಳು ಹಾಗೆಯೇ ಕೂತುಬಿಟ್ಟಳು. ಹೆದರಿಕೆಯೋ, ಇಷ್ಟು ವರ್ಷ ಒಳಗೊಳಗೆ ಬಯಸಿದ್ದು ಕೈಗೆ ಬಂದದ್ದೋ ಅವಳಿಗೆ ತಿಳಿಯಲಿಲ್ಲ. ಅಮ್ಮಮ್ಮ ಏನು ಕೇಳಿತು ಎಂದು ಕೇಳಲಿಲ್ಲ. ಮೊಮ್ಮಗಳ ಮುಖ ನೋಡಿದಳು, ಸೆರಗು ಸರಿಮಾಡಿಕೊಂಡಳು, ಹೊಸ ಕಲ್ಲನ್ನು ತುಳಿಯದೆ ಬದಿಯಿಂದ ಕಾಲು ಎತ್ತಿ ಇಟ್ಟು ಒಳಗೆ ಹೋದಳು. ಒಳಗೆ ಡಬ್ಬಿಯ ಮುಚ್ಚಳದ ಸದ್ದಾಯಿತು. ಹೊರಗೆ ಬರುವಾಗ ಅವಳ ಒಂದು ಕೈಯಲ್ಲಿ ನೀರಿನ ಲೋಟವಿತ್ತು, ಇನ್ನೊಂದರಲ್ಲಿ ಬೆಲ್ಲ.

ಎರಡನ್ನೂ ಮೆಟ್ಟಿಲ ಮೇಲೆ, ಆ ಬಿಳಿ ಕಲ್ಲಿನ ಪಕ್ಕದಲ್ಲಿ ಇಟ್ಟಳು.

"ಬಂದ್ಯಾ ಮಗಾ," ಎಂದಳು. ಆಮೇಲೆ ಸುಗಂಧಿಯ ಕಡೆ ತಿರುಗಿ, ದಿನದ ಮಾತಿನ ದನಿಯಲ್ಲೇ ಹೇಳಿದಳು: "ಏಳು ಹೆಣೆ. ಒಳಗೆ ಹೋಗಿ ಚಾಪೆ ಹಾಸು. ನಡುವಿಗೆ ಹಾಸು. ಗೋಡೆ ಬದಿ ಮಲಗುದು ಅವಳಿಗೆ ಮೊದಲಿಂದ್ಲೂ ಆಗುದಿಲ್ಲ."